ಶನಿವಾರದ ಎರಡು ಗಂಟೆ

ನನ್ನ ಊರು ದಾವಣಗೆರೆ, ಕೆಲಸ ಪುಣೆಯ ಹಿಂಜವಡಿಯಲ್ಲಿ. ಇಲ್ಲಿ ಕೂತಿರೋ ಬಹಳ ಜನರದ್ದು ಇಂಥದ್ದೇ ಕಥೆ ಅಂತ ಗೊತ್ತು. ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ನಮ್ಮ ಅಪಾರ್ಟ್‌ಮೆಂಟ್ ಪಕ್ಕ ಇನ್ನೊಂದು ಟವರ್ ಏಳ್ತಾ ಇತ್ತು. ಒಂದು ಸಂಜೆ ಅಲ್ಲಿನ ತಗಡಿನ ಶೆಡ್‌ಗಳ ಕಡೆಯಿಂದ ಕನ್ನಡ ಕೇಳಿಸ್ತು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು. ಮಕ್ಕಳಿಗೆ ಮನೇಲಿ ಕನ್ನಡ, ಸರ್ಕಾರಿ ಶಾಲೇಲಿ ಮರಾಠಿ ಮಾಧ್ಯಮ. ನಾವು ನಾಲ್ಕು ಜನ ಸ್ನೇಹಿತರು ಮುಖ್ಯ ಶಿಕ್ಷಕರ ಒಪ್ಪಿಗೆ ತಗೊಂಡು, ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಗಣಿತ, ಇಂಗ್ಲಿಷ್ ಹೇಳಿಕೊಡೋಕೆ ಶುರು ಮಾಡಿದ್ವಿ.

ಅದರಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗ. ಲೆಕ್ಕದಲ್ಲಿ ಬಲು ಚುರುಕು. ಅವನಿಗೆ ಎನ್‌ಎಂಎಂಎಸ್ ಪರೀಕ್ಷೆ ಬಗ್ಗೆ ಹೇಳಿದೆ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದು. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷದ ಒಳಗಿರಬೇಕು. ಆಯ್ಕೆಯಾದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಅಂದ್ರೆ ಒಟ್ಟು 48,000. ಪರೀಕ್ಷೆ ಬರೆಯೋದು ಎಂಟನೇ ಕ್ಲಾಸಲ್ಲಿ ಮಾತ್ರ.

ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಅವರಪ್ಪನಿಗೆ ಮರಾಠಿ ಓದೋಕೆ ಬರಲ್ಲ. ಕಚೇರಿಗೆ ಅಲೆದ್ರೆ ಆ ದಿನದ ಕೂಲಿ ಹೋಗುತ್ತೆ. 'ನಾನೇ ಮಾಡಿಸ್ತೀನಿ, ನೀವು ಚಿಂತೆ ಮಾಡ್ಬೇಡಿ' ಅಂದೆ.

ಅಷ್ಟರಲ್ಲಿ ಆಫೀಸಲ್ಲಿ ರಿಲೀಸ್ ಬಂತು. ಮೂರು ಶನಿವಾರ ಹೋಗ್ಲಿಲ್ಲ, ಯಾರಿಗೂ ಹೇಳ್ಲೂ ಇಲ್ಲ. ನಾಲ್ಕನೇ ವಾರ ಹೋದಾಗ ಅರ್ಜಿ ಹಾಕೋ ಕೊನೇ ದಿನ ದಾಟಿತ್ತು. ಅವನ ತಾಯಿ ಬೈಲಿಲ್ಲ. 'ನೀವ್ ಬರ್ತೀರಿ ಅಂತ ಹುಡುಗ ದಾರಿ ನೋಡ್ಯಾನ್ರಿ' ಅಂದ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ಯೋಚನೆ ಮಾಡ್ದೆ. ಆಫೀಸಲ್ಲಿ ಒಂದು ಸರ್ವರ್‌ಗೂ ಬ್ಯಾಕಪ್ ಇಡ್ತೀವಿ. ಒಂದು ಮಗುವಿಗೆ ಕೊಟ್ಟ ಮಾತಿಗೆ ಯಾವ ಬ್ಯಾಕಪ್ಪೂ ಇಟ್ಟಿರಲಿಲ್ಲ. ಪಾಠ ಹೇಳೋಕೆ ಶಾಲೇಲಿ ಶಿಕ್ಷಕರಿದ್ದಾರೆ. ನಮ್ಮಂಥವರಿಂದ ಆಗ್ಬೇಕಾಗಿದ್ದು ಬೇರೆ: ತಪ್ಪದೆ ಬರೋದು, ಮತ್ತು ಮನೆಯವರಿಗೆ ತಿಳಿಯದ ಕಾಗದಪತ್ರದ ದಾರಿ ತೋರಿಸೋದು. ಆ ಎರಡರಲ್ಲೇ ನಾನು ತಪ್ಪಿದ್ದೆ.

ಹಾಗಾಗಿ ಈಗ ನಮ್ಮ ಗುಂಪಲ್ಲಿ ಕೆಲವು ಕಟ್ಟುಪಾಡು ಇದೆ. ಪ್ರತಿ ಮಗುವಿಗೆ ಇಬ್ಬರು ಮಾರ್ಗದರ್ಶಕರು, ಒಬ್ಬರು ಬರದಿದ್ರೆ ಇನ್ನೊಬ್ಬರು. ಪಾಠ ಶಾಲೆಯ ತೆರೆದ ಕೋಣೆಯಲ್ಲೇ, ಇನ್ನೊಬ್ಬ ದೊಡ್ಡವರು ಇರೋ ಕಡೆ. ಕೊಟ್ಟ ಮಾತು, ಕೊನೇ ದಿನಾಂಕ, ಎರಡೂ ಗೋಡೆ ಮೇಲಿನ ಹಾಳೆಯಲ್ಲಿ. ಪರೀಕ್ಷೆ ಪಾಸಾದ್ಮೇಲೂ ಕೆಲಸ ಮುಗಿಯಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬೇಕು, ಪ್ರತಿ ವರ್ಷ ನವೀಕರಿಸ್ಬೇಕು. ಅಲ್ಲಿಯವರೆಗೂ ಜೊತೆಗಿರ್ತೀವಿ.

ವಾರಕ್ಕೆ ಎರಡು ಗಂಟೆ ಆಗಲ್ಲ ಅನ್ನೋರು ತಿಂಗಳಿಗೆ ಒಂದು ಸಲವೇ ಬನ್ನಿ. ಆದ್ರೆ ಹೇಳಿದ ದಿನ ಬನ್ನಿ. ಬರೋಕಾಗಲ್ಲ ಅಂದ್ರೆ ಮೊದಲೇ ಹೇಳಿ.

ಆ ಹುಡುಗ ಈಗ ಹತ್ತನೇ ಕ್ಲಾಸು. ಕೈತಪ್ಪಿದ ದುಡ್ಡು ವಾಪಸ್ ಬರಲಿಲ್ಲ, ನಾನು ಏನು ಮಾಡಿದ್ರೂ ಅದು ಸರಿ ಹೋಗಲ್ಲ. ಅವನ ತಂಗಿ ಈ ವರ್ಷ ಎಂಟನೇ ಕ್ಲಾಸು. ಹೋದ ಶನಿವಾರ ಅವನೇ ಅವಳನ್ನ ಕರ್ಕೊಂಡು ಬಂದ, ಕೈಯಲ್ಲಿ ಒಂದು ನೋಟ್‌ಬುಕ್ಕು. 'ಸರ್, ಈ ಸಲ ತಾರೀಖು ನಾನೇ ಬರ್ಕೊಂಡೀನಿ' ಅಂದ.