ಹಡಗು ತೊರೆದ ಧಣಿ, ತೊರೆಯಲಾಗದ ನಾವಿಕ



ವಿದೇಶೀ ಹಡಗಿನಲ್ಲಿ ನೌಕರಿ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಡಾಲರಿನ ಸಂಬಳ. ಆ ಹಡಗಿನ ಧಣಿ ಯಾರೆಂದು ನಾವು ವಿಚಾರಿಸುವುದು ವಿರಳ. ಧಣಿ ಒಂದು ದೇಶದಲ್ಲಿ, ಹಡಗಿನ ಧ್ವಜ ಇನ್ನೊಂದು ದೇಶದ್ದು, ನಾವಿಕರನ್ನು ಒದಗಿಸುವ ಏಜೆಂಟ್ ಮೂರನೆಯ ದೇಶದಲ್ಲಿ. ಲಾಭವಿರುವಷ್ಟು ದಿನ ಈ ಕೊಂಡಿಗಳೆಲ್ಲ ಗಟ್ಟಿ. ಹಡಗಿನ ಬೆಲೆಗಿಂತ ಸಾಲವೇ ಹೆಚ್ಚಾದಾಗ ಅದನ್ನು ಬಿಟ್ಟು ನಡೆಯುವುದೇ ಕೆಲವು ಧಣಿಗಳಿಗೆ ಲಾಭದ ಲೆಕ್ಕವಾಗುತ್ತದೆ. ಆಗ ಇಂಧನ, ಆಹಾರ, ಕುಡಿಯುವ ನೀರು, ಸಂಬಳ ಎಲ್ಲವೂ ಒಂದೊಂದಾಗಿ ನಿಲ್ಲುತ್ತವೆ.

ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ, 2024ರಲ್ಲಿ ಹೀಗೆ ತೊರೆಯಲ್ಪಟ್ಟ ಹಡಗುಗಳು 312, ನಾವಿಕರು 3,133. ಅವರಲ್ಲಿ 899 ಮಂದಿ ಭಾರತೀಯರು. ಬೇರಾವ ದೇಶದವರೂ ಇಷ್ಟು ಸಂಖ್ಯೆಯಲ್ಲಿರಲಿಲ್ಲ.

ಹಡಗಿನಿಂದ ಇಳಿದು ಬರಬಾರದೇ ಎಂದು ಕೇಳುವವರಿದ್ದಾರೆ. ಕಾವಲಿಲ್ಲದ ಹಡಗು ಇತರ ಹಡಗುಗಳಿಗೆ ಅಪಾಯವಾದ್ದರಿಂದ ಬಂದರಿನ ಅಧಿಕಾರಿಗಳು ಕನಿಷ್ಠ ಸಿಬ್ಬಂದಿಯನ್ನು ಇಳಿಯಗೊಡುವುದಿಲ್ಲ. ಇಳಿದರೆ ಬಾಕಿ ಸಂಬಳ ಕೈತಪ್ಪೀತೆಂಬ ಭಯವೂ ಉಂಟು. ಊರಿನಲ್ಲಿ ಏಜೆಂಟನಿಗೆಂದು ಮಾಡಿದ ಸಾಲ ಕಾದಿರುತ್ತದೆ.

ಬಹರೈನ್ ಧ್ವಜದ 'ಅಮಾನ್' ಹಡಗಿನ ಪ್ರಕರಣವನ್ನೇ ನೋಡಿ. 2017ರ ಜುಲೈಯಲ್ಲಿ, ಸುರಕ್ಷಾ ಪತ್ರಗಳ ಅವಧಿ ಮುಗಿದಿದ್ದ ಈ ಹಡಗನ್ನು ಈಜಿಪ್ಟಿನ ಅದಬಿಯ್ಯ ಬಂದರಿನಲ್ಲಿ ತಡೆಹಿಡಿಯಲಾಯಿತು. ಧಣಿಗಳು ಹಣ ಕಟ್ಟಲಿಲ್ಲ. ಕಪ್ತಾನ ದಡದಲ್ಲಿದ್ದುದರಿಂದ ಸಿರಿಯಾದ ಮುಖ್ಯ ಅಧಿಕಾರಿಯೊಬ್ಬರನ್ನು ನ್ಯಾಯಾಲಯ ಹಡಗಿನ ಕಾನೂನುಬದ್ಧ ಪಾಲಕರನ್ನಾಗಿ ನೇಮಿಸಿತು. ಆ ಒಂದು ಸಹಿ ಅವರನ್ನು ಹಡಗಿಗೆ ಕಟ್ಟಿಹಾಕಿತು. ಸಂಗಾತಿಗಳು ಒಬ್ಬೊಬ್ಬರಾಗಿ ಹೋದರು, ಅವರು ಒಬ್ಬಂಟಿಯಾದರು. 2018ರಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. 2020ರಲ್ಲಿ ಬಿರುಗಾಳಿ ಹಡಗನ್ನು ತೀರದ ಸಮೀಪಕ್ಕೆ ತಳ್ಳಿತು. ಬಳಿಕ ಅವರು ಈಜಿ ದಡ ಸೇರಿ ಅನ್ನ ನೀರು ತಂದುಕೊಂಡರು, ಮೊಬೈಲ್ ಚಾರ್ಜ್ ಮಾಡಿಕೊಂಡರು. 2021ರ ಏಪ್ರಿಲ್‌ನಲ್ಲಿ ಕಾರ್ಮಿಕರ ಒಕ್ಕೂಟದ ಪ್ರತಿನಿಧಿಯೊಬ್ಬರು ಪಾಲಕತ್ವವನ್ನು ವಹಿಸಿಕೊಂಡ ಮೇಲೆಯೇ ಅವರ ಬಿಡುಗಡೆ. ಯಾವ ಅಪರಾಧಕ್ಕೆ ಈ ನಾಲ್ಕು ವರ್ಷಗಳ ಶಿಕ್ಷೆ?

ಕಾನೂನು ಇಲ್ಲವೆಂದಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿತು. ಎರಡು ತಿಂಗಳ ಸಂಬಳ ಕೊಡದೆ ಕೈಬಿಟ್ಟರೂ ಅದು 'ತೊರೆಯುವಿಕೆ'ಯೇ. 2017ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಆಹಾರ ಮತ್ತು ಊರಿಗೆ ಮರಳುವ ವೆಚ್ಚಕ್ಕೆ ಹಡಗಿನ ಮೇಲೆ ಆರ್ಥಿಕ ಭದ್ರತೆ ಇರಲೇಬೇಕು. ಹಡಗು ನಮ್ಮ ತೀರದಲ್ಲಿದ್ದರೆ, ಬಾಕಿ ಸಂಬಳಕ್ಕಾಗಿ ಅದನ್ನು ತಡೆಹಿಡಿಸುವ ಅಧಿಕಾರ 2017ರ ಕಾಯಿದೆಯಂತೆ ಕರ್ನಾಟಕ ಹೈಕೋರ್ಟಿಗೂ ಇದೆ.

ಆದರೆ ಕಾನೂನು ತಲುಪುವ ಮೊದಲೇ ಮನೆಯವರು ಎಚ್ಚೆತ್ತುಕೊಳ್ಳಬೇಕು. ಏಜೆಂಟನಿಗೆ ಕೇಂದ್ರ ಸರಕಾರದ ಪರವಾನಗಿ ಇದೆಯೇ? ಕರಾರುಪತ್ರದ ಪ್ರತಿ ಮನೆಯಲ್ಲಿದೆಯೇ? ಹಡಗಿನ ಹೆಸರು, ಧ್ವಜ, ವಿಮೆ ಯಾವುವು? ವೈದ್ಯಕೀಯ ಪತ್ರ, ನಾವಿಕ ಪುಸ್ತಕ ಮತ್ತು ಪಾಸ್‌ಪೋರ್ಟಿನ ಖರ್ಚನ್ನು ಬಿಟ್ಟು, ನೌಕರಿ ಕೊಡಿಸಲು ಹಣ ಕೇಳುವುದೇ ಆ ಒಪ್ಪಂದಕ್ಕೆ ವಿರುದ್ಧ. ಮದುವೆ ಸಂಬಂಧ ಬಂದಾಗ ಹತ್ತು ಮನೆ ವಿಚಾರಿಸುವ ನಾವು, ಮಗನನ್ನು ಹಡಗು ಹತ್ತಿಸುವಾಗ ಒಂದು ಕಾಗದವನ್ನಾದರೂ ಓದಬಾರದೇ? ಸಂಬಳ ತಡವಾದ ಮೊದಲ ತಿಂಗಳಲ್ಲೇ ದೂರು ಕೊಡುವುದು ಅವಮಾನವಲ್ಲ. ಅವನು ಕೇಳುತ್ತಿರುವುದು ದಾನವನ್ನಲ್ಲ, ದುಡಿದದ್ದನ್ನು.