ಹಾಡು ಯಾರ ಕಡೆಗೆ? ಸಂಗೀತ ನಾಟಕ ತೆರೆಗೆ ಬರುವಾಗ

ಸಂಗೀತ ನಾಟಕದಲ್ಲಿ ಕಥೆಯ ಭಾರ ಹೊರುವುದು ಹಾಡು. ಮಾತು ಸಾಲದ ಕಡೆ ಪಾತ್ರ ಹಾಡತೊಡಗುತ್ತದೆ, ಹಾಡೂ ಸಾಲದಾದಾಗ ಕುಣಿಯತೊಡಗುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್, ಮರಾಠಿಯ ಸಂಗೀತ ನಾಟಕ, ಕನ್ನಡದ ಕಂಪನಿ ನಾಟಕ ಇವೆಲ್ಲ ಬೇರೆ ಬೇರೆ ನೆಲದಲ್ಲಿ ಬೆಳೆದರೂ ಈ ಒಂದು ನಿಯಮದಲ್ಲಿ ಒಂದೇ ಕುಲಕ್ಕೆ ಸೇರಿದವು.

ಸಿನಿಮಾ ಮಾತು ಕಲಿತ ಕೂಡಲೇ ಕೈಚಾಚಿದ್ದು ಈ ನಾಟಕಗಳ ಕಡೆಗೆ. ಲಖನೌದ ಆಗಾ ಹಸನ್ ಅಮಾನತ್ 1853ರಲ್ಲಿ ಬರೆದ ‘ಇಂದರ್ ಸಭಾ’ವನ್ನು ಮದನ್ ಥಿಯೇಟರ್ಸ್ 1932ರಲ್ಲಿ ಚಿತ್ರವಾಗಿಸಿದಾಗ ಅದರಲ್ಲಿ ಎಪ್ಪತ್ತರಷ್ಟು ಹಾಡುಗಳಿದ್ದವು. ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಕಂಪನಿ ನಾಟಕದಲ್ಲಿ ಹೆಸರು ಮಾಡಿದ್ದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರನ್ನು ನೆಚ್ಚಿಕೊಂಡು ಕೊಲ್ಹಾಪುರದಲ್ಲಿ ತಯಾರಾಯಿತು. ರಂಗದ ಮೇಲೆ ಮನೆಮಾತಾಗಿದ್ದ ‘ಸದಾರಮೆ’ ಮರುವರ್ಷವೇ ತೆರೆಗೆ ಬಂತು. ಅಮೆರಿಕದಲ್ಲಿ ‘ಒಕ್ಲಹೋಮ’, ‘ವೆಸ್ಟ್ ಸೈಡ್ ಸ್ಟೋರಿ’, ‘ಮೈ ಫೇರ್ ಲೇಡಿ’, ‘ದ ಸೌಂಡ್ ಆಫ್ ಮ್ಯೂಸಿಕ್’ ಇದೇ ದಾರಿಯಲ್ಲಿ ನಡೆದವು.

ಈ ದಾಟುವಿಕೆಯ ಅಧ್ಯಯನ ಬಹುಕಾಲ ಎರಡು ಅಳತೆಗೋಲುಗಳನ್ನು ಹಿಡಿದುಕೊಂಡೇ ನಡೆದಿದೆ. ಮೊದಲನೆಯದು ನಿಷ್ಠೆ: ಮೂಲದ ಎಷ್ಟು ಹಾಡು ಉಳಿದವು, ಎಷ್ಟು ಹೋದವು ಎಂಬ ಲೆಕ್ಕ. ಎರಡನೆಯದು ಜಾಗ: ಪರದೆಯ ಮುಂದೆ ನಡೆದದ್ದನ್ನು ಕ್ಯಾಮೆರಾ ಎಷ್ಟರಮಟ್ಟಿಗೆ ಬಯಲಿಗೆ ತಂದಿತು ಎಂಬ ವಿಚಾರ. ಆದರೆ ಇವೆರಡೂ ಅಳತೆಗಳು ಮುಖ್ಯವಾದುದನ್ನೇ ಬಿಟ್ಟಿವೆ ಎಂಬುದು ಈ ಆಶಯ ಭಾಷಣದ ನಿಲುವು. ರಂಗದ ಮೇಲೆ ಹಾಡುವವನ ಎದುರು ಕೇಳುವವರು ಕೂತಿರುತ್ತಾರೆ. ತೆರೆಯ ಮೇಲೆ ಹಾಡುವವನ ಎದುರು ಯಾರೂ ಇಲ್ಲ. ಸಂಗೀತ ನಾಟಕ ಸಿನಿಮಾ ಆಗುವಾಗ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ಖಾಲಿ ಜಾಗದಿಂದ ಹುಟ್ಟಿದವು.

ಜಾಗದ ವಾದ ಎಷ್ಟು ದುರ್ಬಲ ಎನ್ನುವುದಕ್ಕೆ ‘ಒಕ್ಲಹೋಮ’ ಸಾಕು. 1943ರ ಈ ನಾಟಕವನ್ನು ಫ್ರೆಡ್ ಝಿನ್ನೆಮನ್ 1955ರಲ್ಲಿ ಟಾಡ್-ಎಓ ಎಂಬ ಹೊಸ ಅಗಲ ತೆರೆಯ ತಂತ್ರದಲ್ಲಿ ಚಿತ್ರಿಸಿದರು. ಒಕ್ಲಹೋಮದ ಹೊಲಗಳಿಗಾಗಿ ಹೋದದ್ದು ಅರಿಝೋನಕ್ಕೆ. ಆಕಾಶ, ಜೋಳದ ಹೊಲ, ಕುದುರೆ ಎಲ್ಲವೂ ನಿಜವಾದವು. ಆದರೂ ನಾಯಕ ಕುದುರೆಯ ಮೇಲೆ ಹಾಡುತ್ತಾ ಬರುವಾಗ, ರಂಗದ ಮೇಲೆ ಏಳದ ಪ್ರಶ್ನೆಯೊಂದು ಏಳುತ್ತದೆ: ಈ ಬಯಲಿನಲ್ಲಿ ಇವನು ಯಾರಿಗಾಗಿ ಹಾಡುತ್ತಿದ್ದಾನೆ? ಇನ್ನು ದೃಶ್ಯವೈಭವ ಸಿನಿಮಾದ ಒಡವೆ ಮಾತ್ರ ಎಂದೂ ಹೇಳುವಂತಿಲ್ಲ. ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ನಾಟಕದ ಬಲ ಆನೆಯೊಂದರಲ್ಲೇ ಇರಲಿಲ್ಲ. ರಂಗದಿಂದ ಹೊರಟ ಹಾಡನ್ನು ಇದಿರುಗೊಳ್ಳುತ್ತಿದ್ದ ಸಾವಿರಾರು ಕಿವಿಗಳಲ್ಲೂ ಇತ್ತು.

ಕಂಪನಿ ನಾಟಕದಲ್ಲಿ ನಟನಿಗೂ ಪ್ರೇಕ್ಷಕನಿಗೂ ನಡುವೆ ಇದ್ದ ಒಪ್ಪಂದವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಮೈಕು ಬರುವ ಮುಂಚೆ ನಟ ತನ್ನ ಕಂಠವನ್ನು ಕೊನೆಯ ಸಾಲಿನ ನೆಲದ ಗಿರಾಕಿಗೂ ಮುಟ್ಟಿಸಬೇಕಿತ್ತು. ಮುಟ್ಟಿತೆಂಬುದಕ್ಕೆ ರಸೀದಿಯೇ ‘ಒನ್ಸ್ ಮೋರ್’. ರಂಗದ ಮೇಲೆ ಸತ್ತು ಬಿದ್ದ ಪಾತ್ರ ಎದ್ದು ಕೂತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸತ್ತದ್ದನ್ನು ಹಳೆಯ ಕಲಾವಿದರು ಇಂದಿಗೂ ಹೇಳುತ್ತಾರೆ. ಇದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕಿದ ವಿಮರ್ಶೆ ದೊಡ್ಡ ಸತ್ಯವೊಂದನ್ನು ಕಳೆದುಕೊಂಡಿತು. ಹಾಡು ಪಾತ್ರದ ಬಾಯಿಂದ ಹೊರಟರೂ ಅದು ಸೇರುವುದು ಪ್ರೇಕ್ಷಕನಿಗೆ. ಕಥೆ ಅವನಿಗಾಗಿ ನಿಂತು ಕಾಯುತ್ತದೆ.

ಮರಾಠಿ ರಂಗಭೂಮಿಯಲ್ಲಿ ಇದರ ಅತ್ಯುನ್ನತ ರೂಪ ಬಾಲಗಂಧರ್ವರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ದಿಂದ ಕಟ್ಟಿದ ಪರಂಪರೆಯ ಶಿಖರ ಅವರು. ಒನ್ಸ್ ಮೋರ್ ಬಿದ್ದಂತೆಲ್ಲ ಅದೇ ಪದವನ್ನು ಹೊಸ ಹೊಸ ಆಲಾಪಗಳಿಂದ ಬೆಳೆಸುತ್ತಿದ್ದರು. ಸ್ತ್ರೀ ಪಾತ್ರಗಳಿಂದ ಹೆಸರಾಗಿದ್ದ ಅವರು 1935ರಲ್ಲಿ ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ದಲ್ಲಿ ಸಂತ ಏಕನಾಥರಾದರು. ಕಂಠ ಅದೇ, ನಿರ್ದೇಶಕರು ವಿ. ಶಾಂತಾರಾಂ. ಆದರೆ ಸ್ಟುಡಿಯೋದಲ್ಲಿ ಪದವನ್ನು ಬೆಳೆಸು ಎಂದು ಕೇಳುವ ಸಭೆ ಇರಲಿಲ್ಲ. ಅವರು ಬೇಗನೇ ರಂಗಕ್ಕೆ ಮರಳಿದರು.

ಈ ಖಾಲಿ ಜಾಗವನ್ನು ಚಿತ್ರ ನಿರ್ದೇಶಕರು ತುಂಬಿದ ಬಗೆಗಳನ್ನು ನಾಲ್ಕು ಗುಂಪು ಮಾಡಬಹುದು.

ಒಂದು, ಕಥೆಯೊಳಗೇ ಸಭೆಯನ್ನು ಕೂರಿಸುವುದು. 1966ರ ‘ಕ್ಯಾಬರೆ’ ನಾಟಕದಲ್ಲಿ ಪಾತ್ರಗಳು ಕ್ಲಬ್ಬಿನಲ್ಲೂ ಹಾಡುತ್ತವೆ, ಮನೆಯಲ್ಲೂ ಹಾಡುತ್ತವೆ. ಬಾಬ್ ಫಾಸಿ 1972ರ ಚಿತ್ರದಲ್ಲಿ ಮನೆಯ ಹಾಡುಗಳನ್ನು ಕಿತ್ತು, ಹಾಡುವ ಕೆಲಸವನ್ನು ಬರ್ಲಿನ್ನಿನ ಕಿಟ್ ಕ್ಯಾಟ್ ಕ್ಲಬ್ಬಿನ ವೇದಿಕೆಗೆ ಬಿಟ್ಟರು. ಹೊರಗೆ ಉಳಿದದ್ದು ಒಂದೇ ಹಾಡು, ಬಿಯರ್ ತೋಟದಲ್ಲಿ ಹುಡುಗನೊಬ್ಬ ಹಾಡುವುದು. ಮೊದಲು ಕಾಣುವುದು ಅವನ ಮುಖ, ಆಮೇಲೆ ತೋಳಿನ ನಾಝಿ ಪಟ್ಟಿ, ಆಮೇಲೆ ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುವ ಜನ. ಒಬ್ಬ ಮುದುಕ ಮಾತ್ರ ಕೂತೇ ಇರುತ್ತಾನೆ. ಕೇಳುವವರನ್ನು ತೋರಿಸಿಯೇ ಹಾಡಿನ ಅರ್ಥವನ್ನು ತಲೆಕೆಳಗು ಮಾಡಿದ ದೃಶ್ಯ ಅದು. ಮರಾಠಿಯ ‘ಕಟ್ಯಾರ್ ಕಾಳ್ಜಾತ್ ಘುಸಲಿ’ಯದೂ ಇದೇ ಅನುಕೂಲ. 1967ರ ನಾಟಕ 2015ರಲ್ಲಿ ಸುಬೋಧ್ ಭಾವೆಯವರ ಚಿತ್ರವಾಯಿತು. ಇಬ್ಬರು ಗಾಯಕರ ಪೈಪೋಟಿಯೇ ಕಥೆಯಾದುದರಿಂದ ಹಾಡಿಗೆ ದರ್ಬಾರಿದೆ, ತಲೆದೂಗುವವರಿದ್ದಾರೆ, ತೀರ್ಪು ಹೇಳುವ ರಾಜನಿದ್ದಾನೆ.

ಎರಡು, ಸಭೆಯನ್ನು ಪಾತ್ರದ ಮನಸ್ಸಿನಲ್ಲಿ ಕಟ್ಟುವುದು. 1975ರ ‘ಚಿಕಾಗೊ’ ನಾಟಕದ ಪ್ರತಿ ಹಾಡೂ ಪ್ರೇಕ್ಷಕರೆದುರು ನೇರವಾಗಿ ಇಟ್ಟ ಒಂದೊಂದು ಮನರಂಜನೆಯ ಐಟಂ. 2002ರ ಚಿತ್ರದಲ್ಲಿ ರಾಬ್ ಮಾರ್ಷಲ್ ಅವುಗಳಲ್ಲಿ ಹೆಚ್ಚಿನವನ್ನು ನಾಯಕಿ ರಾಕ್ಸಿಯ ಕಲ್ಪನೆಯ ವೇದಿಕೆಗೆ ಸಾಗಿಸಿದರು. ಸೆರೆಮನೆಯ ಗೋಡೆ ಕರಗಿ ದೀಪ ಹೊತ್ತಿಕೊಳ್ಳುತ್ತದೆ. ಖ್ಯಾತಿಗೆ ಹಸಿದ ಹೆಣ್ಣಿನ ಒಳಗಣ್ಣಿಗೆ ಪ್ರೇಕ್ಷಕರು ಕಾಣುವುದು ಸಹಜ. ತಂತ್ರ ಪಾತ್ರದಿಂದಲೇ ಹುಟ್ಟಿದ್ದರಿಂದ ಗೆದ್ದಿತು. ಬೇರೆ ಕಥೆಗೆ ಹಚ್ಚಿದರೆ ಅದೇ ತಂತ್ರ ಬರೀ ನೆಪವಾಗುತ್ತದೆ.

ಮೂರು, ಮೇಲಿರುವವನನ್ನು ಕೇಳುಗನಾಗಿಸುವುದು. ‘ಫಿಡ್ಲರ್ ಆನ್ ದ ರೂಫ್’ನ ಹಾಲುಮಾರುವ ತೇವ್ಯೆ ದೇವರೊಂದಿಗೆ ಜಗಳವಾಡುತ್ತಾನೆ, ದೇವರಿಗೇ ಹಾಡುತ್ತಾನೆ. 1971ರ ನಾರ್ಮನ್ ಜ್ಯೂಯಿಸನ್ ಚಿತ್ರದಲ್ಲಿ ಅವನು ಆಕಾಶ ನೋಡಿದಾಗ ಪ್ರೇಕ್ಷಕನಿಗೆ ಅನುಮಾನವೇ ಬರುವುದಿಲ್ಲ. ಭಕ್ತಿಪ್ರಧಾನ ಕಂಪನಿ ನಾಟಕಗಳು ಕನ್ನಡ ತೆರೆಗೆ ಅಷ್ಟು ಸಲೀಸಾಗಿ ಬಂದುದಕ್ಕೆ ಇದೂ ಒಂದು ಕಾರಣವಿರಬೇಕು. ಗುಬ್ಬಿ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಚಿತ್ರವಾದಾಗ, ಕಣ್ಣಪ್ಪನ ಹಾಡಿಗೆ ಕೇಳುಗನನ್ನು ಹುಡುಕಬೇಕಿರಲಿಲ್ಲ. ಶಿವ ಎದುರಿಗೇ ಇದ್ದ.

ನಾಲ್ಕು, ಕೇಳುಗನನ್ನೇ ಕೈಬಿಟ್ಟು ಹಾಡುವವರ ಮುಖದ ಹತ್ತಿರಕ್ಕೆ ಹೋಗುವುದು. ‘ಲೆ ಮಿಸೆರಾಬ್ಲ್’ನ 2012ರ ಚಿತ್ರದಲ್ಲಿ ಟಾಮ್ ಹೂಪರ್ ನಟರಿಂದ ಚಿತ್ರೀಕರಣದ ಹೊತ್ತಿನಲ್ಲೇ ಹಾಡಿಸಿದರು. ಕಿವಿಯೊಳಗಿನ ಸಣ್ಣ ಸಾಧನದಲ್ಲಿ ಪಿಯಾನೊ ಕೇಳುತ್ತಿತ್ತು, ವಾದ್ಯವೃಂದವನ್ನು ನಂತರ ಸೇರಿಸಿದರು. ಫ್ಯಾಂಟೀನಳ ಅಳಲನ್ನು ಆನ್ ಹ್ಯಾಥವೇ ಕತ್ತರಿಯಿಲ್ಲದ ಒಂದೇ ಸಮೀಪ ಚಿತ್ರಿಕೆಯಲ್ಲಿ ಹಾಡಿದ್ದು ಮರೆಯಲಾಗದ್ದು. ಅವಳು ತನಗೆ ತಾನೇ ಹಾಡಿಕೊಳ್ಳುತ್ತಾಳೆ. ಆದರೆ ಬಾಲ್ಕನಿಯ ಕೊನೆಯ ಸಾಲಿಗೆಂದು ಕಟ್ಟಿದ ಏರುಸ್ವರಗಳು ಗೇಣು ದೂರದ ಕ್ಯಾಮೆರಾದೆದುರು ಪದೇ ಪದೇ ಬಂದಾಗ ಚಿತ್ರ ಉಸಿರುಗಟ್ಟುತ್ತದೆ. ಅದೇ ನಿರ್ದೇಶಕರ 2019ರ ‘ಕ್ಯಾಟ್ಸ್’ ಇನ್ನೂ ಸ್ಪಷ್ಟ ಉದಾಹರಣೆ. ಒಂದೊಂದೇ ಬೆಕ್ಕು ಬಂದು ಪ್ರೇಕ್ಷಕರಿಗೆ ತನ್ನ ಪರಿಚಯ ಹೇಳಿಕೊಳ್ಳುವುದೇ ಆ ನಾಟಕದ ಜೀವ. ಚಿತ್ರ ವಿಕ್ಟೋರಿಯಾ ಎಂಬ ಬೆಕ್ಕನ್ನು ಕೇಳುಗಳ ಜಾಗದಲ್ಲಿ ನಿಲ್ಲಿಸಿತು. ಕೊನೆಗೆ ಜೂಡಿ ಡೆಂಚ್ ಕ್ಯಾಮೆರಾವನ್ನೇ ದಿಟ್ಟಿಸಿ ಹಾಡಿದರು. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ಪ್ರೇಕ್ಷಕನನ್ನು ಕೊನೆಯ ಗಳಿಗೆಯಲ್ಲಿ ಕರೆದರೆ ಅವನು ಬರುವುದಿಲ್ಲ.

ಕೇಳುವವನ ಜಾಗ ತುಂಬಿದರೆ ಸಾಲದು, ಯಾರಿಂದ ತುಂಬಿದ್ದು ಎಂಬುದೂ ಮುಖ್ಯ. ‘ಎ ಕೋರಸ್ ಲೈನ್’ ನಾಟಕದಲ್ಲಿ ಕೆಲಸ ಬಯಸಿ ಬಂದ ನರ್ತಕರು ತಮ್ಮ ಬದುಕನ್ನು ಹೇಳಿಕೊಳ್ಳುತ್ತಾರೆ. ಪ್ರಶ್ನೆ ಕೇಳುವ ನಿರ್ದೇಶಕ ಬಹುಪಾಲು ಕತ್ತಲಿಂದ ಬರುವ ಒಂದು ದನಿ, ಹಾಗಾಗಿ ಅವರ ನಿವೇದನೆ ಪ್ರತಿಯೊಬ್ಬ ಪ್ರೇಕ್ಷಕನಿಗೂ ಸಲ್ಲುತ್ತದೆ. ರಿಚರ್ಡ್ ಅಟೆನ್‌ಬರೋ ಅವರ 1985ರ ಚಿತ್ರದಲ್ಲಿ ಆ ದನಿಗೆ ಮೈಕಲ್ ಡಗ್ಲಾಸ್ ಮುಖ ಬಂತು. ನಿವೇದನೆ ಉದ್ಯೋಗದ ಸಂದರ್ಶನವಾಯಿತು.

ಕೇಳುವವನು ಯಾವ ಮನಸ್ಸಿನಲ್ಲಿ ಕೇಳುತ್ತಾನೆ ಎಂಬುದೂ ಮುಖ್ಯ, ಹಾಗಾಗಿ ಇಲ್ಲಿಂದ ಹಾಡುಗಳ ಅನುಕ್ರಮದ ಪ್ರಶ್ನೆಗೆ ಬರಬೇಕು. ಬ್ರಾಡ್‌ವೇ ನಾಟಕ ಎರಡು ಅಂಕಗಳದು. ಮಧ್ಯಂತರದಲ್ಲಿ ಪ್ರೇಕ್ಷಕ ಹೊರಗೆ ಹೋಗಿ ಹಗುರಾಗಿ ಬರುತ್ತಾನೆ. ‘ವೆಸ್ಟ್ ಸೈಡ್ ಸ್ಟೋರಿ’ಯ ಮೊದಲ ಅಂಕ ಎರಡು ಕೊಲೆಗಳಲ್ಲಿ ಮುಗಿದರೂ ಎರಡನೆಯ ಅಂಕದಲ್ಲಿ ಪೊಲೀಸ್ ಅಧಿಕಾರಿಯನ್ನು ಅಣಕಿಸುವ ಹಾಡು ನಡೆಯುತ್ತದೆ. 1961ರ ಚಿತ್ರದಲ್ಲಿ ಅದು ಕೊಲೆಗಳಿಗೆ ಮುಂಚೆ ಬಂತು, ಆವೇಶವನ್ನು ತಡೆದುಕೊಳ್ಳಿ ಎನ್ನುವ ಹಾಡು ಅವುಗಳ ನಂತರಕ್ಕೆ ಹೋಯಿತು. 2021ರಲ್ಲಿ ಸ್ಪೀಲ್‌ಬರ್ಗ್ ಮತ್ತೊಮ್ಮೆ ಕ್ರಮ ಬದಲಿಸಿದರು: ಸಾವಿನ ಸುದ್ದಿ ತಿಳಿಯದ ನಾಯಕಿ ಮರಿಯಾಳ ಸಂತೋಷದ ಹಾಡು ನಾಟಕದಲ್ಲಿದ್ದಂತೆ ಕೊಲೆಗಳ ನಂತರಕ್ಕೆ ಮರಳಿತು. ‘ವಿಕೆಡ್’ ಚಿತ್ರ ಮೊದಲ ಅಂಕ ಮುಗಿಯುವಲ್ಲಿಗೇ ತುಂಡಾಗಿ 2024 ಮತ್ತು 2025ರಲ್ಲಿ ಎರಡು ಭಾಗವಾಗಿ ಬಂತು. ಮಧ್ಯಂತರವೇ ಒಂದು ವರ್ಷದ್ದಾಯಿತು. ಕನ್ನಡ ಚಿತ್ರಮಂದಿರದಲ್ಲಿ ಮಧ್ಯಂತರ ಇನ್ನೂ ಉಳಿದಿದೆ. ಹಾಲಿವುಡ್ಡಿಗಿಲ್ಲದ ಈ ಅನುಕೂಲವನ್ನು ನಮ್ಮ ರೂಪಾಂತರಕಾರರು ಗಂಭೀರವಾಗಿ ಬಳಸಬೇಕು.

ಕಂಠದ ಪ್ರಶ್ನೆಯೂ ಹಾಡು ಕೇಳುವವನನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೇ ಅಂಟಿಕೊಂಡಿದೆ. ‘ಮೈ ಫೇರ್ ಲೇಡಿ’ ನಾಟಕದಲ್ಲಿ ಎಲೈಝಾ ಆಗಿದ್ದ ಜೂಲಿ ಆಂಡ್ರ್ಯೂಸ್ ಅವರಿಗೆ 1964ರ ಚಿತ್ರದಲ್ಲಿ ಆ ಪಾತ್ರ ಸಿಗಲಿಲ್ಲ. ಆಡ್ರಿ ಹೆಪ್‌ಬರ್ನ್ ನಟಿಸಿದರು. ಹಾಡುಗಳ ಬಹುಭಾಗ ಮಾರ್ನಿ ನಿಕ್ಸನ್ ಅವರ ಕಂಠ. ಅದೇ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ, ಟೈ ಒಳಗೆ ನಿಸ್ತಂತು ಮೈಕು ಅಡಗಿಸಿಕೊಂಡು ಸ್ಥಳದಲ್ಲೇ ಹಾಡಿದರು. ಹಾಡುವ ಉಸಿರು, ನಟಿಸುವ ಉಸಿರು ಒಂದೇ ಆಗಿರಬೇಕೆಂಬ ರಂಗದ ಹಟ ಅದು. ಕನ್ನಡದಲ್ಲಿ ಇದಕ್ಕೆ ರಾಜ್‌ಕುಮಾರ್ ಅವರಿಗಿಂತ ದೊಡ್ಡ ನಿದರ್ಶನವಿಲ್ಲ. ಕಂಪನಿ ನಾಟಕದಲ್ಲಿ ಹಾಡಿಕೊಂಡೇ ಬೆಳೆದ ನಟ ‘ಬೇಡರ ಕಣ್ಣಪ್ಪ’ದಲ್ಲಿ ಇನ್ನೊಬ್ಬರ ದನಿಗೆ ತುಟಿ ಕೂಡಿಸಿದರು. ‘ಓಹಿಲೇಶ್ವರ’ದಂಥ ಅಪವಾದ ಬಿಟ್ಟರೆ ಎರಡು ದಶಕ ಹಾಗೇ ನಡೆಯಿತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಬೆನ್ನೇರಿ ಅವರು ಸ್ವಂತ ಕಂಠದಲ್ಲಿ ಹಾಡಿದ ಮೇಲೆ ನಾಡು ಆ ಕಂಠವನ್ನು ಮತ್ತೆ ಬಿಟ್ಟುಕೊಡಲಿಲ್ಲ. ಆ ಚಿತ್ರದ ಮೂಲವೂ ರಂಗಭೂಮಿಯೇ, ಪಿ.ಬಿ. ಧುತ್ತರಗಿಯವರ ನಾಟಕ.

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿದಿಲ್ಲ. ಹಾಲಿವುಡ್ಡಿನ ಪ್ರೇಕ್ಷಕ ಹಾಡಿಗೆ ಕಾರಣ ಕೇಳುತ್ತಾನೆ. ಭಾರತೀಯ ಪ್ರೇಕ್ಷಕ ಕೇಳುವುದಿಲ್ಲ. ಬೆಟ್ಟದ ಮೇಲೆ ಒಬ್ಬನೇ ನಿಂತು ಹಾಡಿದರೂ ಒಪ್ಪುತ್ತಾನೆ. ಹಾಗಿದ್ದರೆ ಸಂಗೀತ ನಾಟಕವನ್ನು ತೆರೆಗೆ ತರುವುದು ನಮಗೆ ಎಲ್ಲರಿಗಿಂತ ಸುಲಭವಾಗಬೇಕಿತ್ತು. ಆದದ್ದು ಬೇರೆ. ಎಲ್ಲ ಚಿತ್ರಗಳೂ ಹಾಡುವಾಗ ಸಂಗೀತ ನಾಟಕದಿಂದ ಬಂದ ಚಿತ್ರದ ಗುರುತೇ ಅಳಿಸಿಹೋಯಿತು. ರಂಗಗೀತೆ ಚಿತ್ರಗೀತೆಯಾಗಿ ರೇಡಿಯೋಗೆ ಹೋಯಿತು, ಕಥೆ ಹೊರುವ ಕೆಲಸ ಸಂಭಾಷಣೆಗೆ ಬಿತ್ತು. ಭಾರತೀಯ ಪ್ರೇಕ್ಷಕನ ಈ ಔದಾರ್ಯ ಕಂಪನಿ ನಾಟಕದಿಂದ ಬಂದ ಅಭ್ಯಾಸವೇ, ಅಂದರೆ ತೆರೆಯ ಹಾಡನ್ನೂ ಅವನು ತನಗೇ ಸಲ್ಲುವುದೆಂದು ಕೇಳುತ್ತಾನೆಯೇ? ಅಥವಾ ಹಾಡು ಯಾರಿಗೂ ಸಲ್ಲದ ಬಿಡಿ ಅಲಂಕಾರವೆಂದು ಒಪ್ಪಿಕೊಂಡುಬಿಟ್ಟಿದ್ದಾನೆಯೇ? ಎರಡಕ್ಕೂ ಆಧಾರಗಳಿವೆ, ಎರಡೂ ಪೂರ್ತಿ ನಿಲ್ಲುವುದಿಲ್ಲ.

ಉತ್ತರ ಹುಡುಕಲು ಮೂರು ಕೆಲಸಗಳು ತುರ್ತಾಗಿ ಆಗಬೇಕು. ಕಂಪನಿಗಳ ಕೈಬರಹದ ಪ್ರತಿಗಳನ್ನು ಹಾಡಿನ ಸ್ಥಾನಗಳ ಸಮೇತ ಸಂಪಾದಿಸಬೇಕು. ಯಾವ ಹಾಡಿಗೆ ಎಲ್ಲಿ ಒನ್ಸ್ ಮೋರ್ ಬೀಳುತ್ತಿತ್ತು, ಆಗ ನಟ ಏನು ಮಾಡುತ್ತಿದ್ದ ಎಂಬುದನ್ನು ಇನ್ನೂ ನಮ್ಮೊಡನಿರುವ ಕಲಾವಿದರಿಂದ ಕೇಳಿ ದಾಖಲಿಸಬೇಕು. ನಾಟಕದಿಂದ ಬಂದ ಕನ್ನಡ ಚಿತ್ರಗಳನ್ನು, ಹಾಡುವವರ ಕಣ್ಣು ಯಾರ ಮೇಲಿದೆ ಎಂಬುದನ್ನು ಗುರುತಿಸುತ್ತಾ ಮತ್ತೆ ನೋಡಬೇಕು. ಹೊಸದಾಗಿ ರೂಪಾಂತರಕ್ಕೆ ಕೈಹಾಕುವ ನಿರ್ದೇಶಕರು ಕೂಡ ಹೊರಾಂಗಣ ಆರಿಸುವ ಮುನ್ನ, ಹಾಡಿನ ಪಟ್ಟಿ ಕತ್ತರಿಸುವ ಮುನ್ನ, ಪ್ರತಿ ಹಾಡಿಗೂ ಅದನ್ನು ಕೇಳುವವನು ಯಾರೆಂದು ಬರೆದಿಟ್ಟುಕೊಳ್ಳಬೇಕು. ಆ ಹೆಸರು ಸಿಕ್ಕ ಹಾಡು ತೆರೆಯ ಮೇಲೆ ಬದುಕುತ್ತದೆ. ಸಿಗದ ಹಾಡನ್ನು ರಂಗಕ್ಕೇ ಬಿಡುವುದು ಮೂಲಕ್ಕೆ ಸಲ್ಲಿಸುವ ಗೌರವ.