ಪ್ಯಾಕೆಟ್ ಹಿಂದಿನ 407

ವೀಕ್ಷಕರೇ, ಮಕ್ಕಳು ಕುಡಿಯೋ ಚಾಕೊಲೇಟ್ ಹಾಲಿನ ಪ್ಯಾಕೆಟ್ ತಿರುಗಿಸಿ ನೋಡಿ. ಎಷ್ಟೋ ಸಲ ‘ಸ್ಟೆಬಿಲೈಸರ್ 407’ ಅಂತಿರುತ್ತೆ. ಅದು ಕ್ಯಾರಜೀನನ್, ಕೆಂಪು ಕಡಲಪಾಚಿಯಿಂದ ತೆಗೆದದ್ದು. ಕೋಕೋ ತಳಕ್ಕಿಳಿಯದಂತೆ ಹಿಡಿದಿಡುತ್ತೆ.

‘ಕ್ಯಾನ್ಸರ್ ತರುತ್ತೆ’ ಅನ್ನೋ ವಾಟ್ಸಾಪ್ ಮೆಸೇಜ್ ನನಗೂ ಬಂದಿದೆ. ಇಲಿಗಳ ಕರುಳಲ್ಲಿ ಗೆಡ್ಡೆ ತಂದದ್ದು ಇದನ್ನೇ ಆಮ್ಲದಲ್ಲಿ ಒಡೆದು ಮಾಡುವ ಪಾಲಿಜೀನನ್. ಅದನ್ನು ಆಹಾರಕ್ಕೆ ಬಳಸುವಂತಿಲ್ಲ.

ಹಾಗಂತ 407ಕ್ಕೆ ಕ್ಲೀನ್ ಚಿಟ್ ಸಿಕ್ಕಿದೆಯಾ? ಪೂರ್ತಿ ಇಲ್ಲ. 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 75 ಮಿಲಿಗ್ರಾಂ ಮಿತಿ ಹಾಕಿತು. ಮಾಹಿತಿ ಸಾಲದು ಅಂತ ಅದನ್ನೂ ‘ತಾತ್ಕಾಲಿಕ’ ಎಂದಿತು. 15 ಕಿಲೋ ಮಗುವಿಗೆ ಅದು ಒಂದು ಗ್ರಾಂ ಚಿಲ್ಲರೆ. ಪ್ಯಾಕೆಟ್ ಮೇಲೆ ನಂಬರ್ ಇದೆ, ಎಷ್ಟು ಮಿಲಿಗ್ರಾಂ ಅಂತ ಇಲ್ಲ. ಆ ಅಮ್ಮ ಲೆಕ್ಕ ಹಾಕೋದು ಹೇಗೆ ಸ್ವಾಮಿ?